ವಿದ್ಯಾರ್ಥಿ ವಿನಿಮಯ: ಕಳುಹಿಸುವ ಮುನ್ನ ಬರಮಾಡಿಕೊಳ್ಳುವ ಧರ್ಮ

ವಿದ್ಯಾಸಂಸ್ಥೆಯೊಂದು ಸ್ಮರಣಸಂಚಿಕೆಯನ್ನು ಹೊರತರುವ ಸಂದರ್ಭವು ನಡೆದು ಬಂದ ದಾರಿಯನ್ನು ನೆನೆಯುವುದಕ್ಕೆ ಹೇಗೋ ಹಾಗೆಯೇ ಮುಂದೆ ನಡೆಯಬೇಕಾದ ದಾರಿಯನ್ನು ಕುರಿತು ಆಲೋಚಿಸುವುದಕ್ಕೂ ತಕ್ಕ ಸಮಯವಾಗಿದೆ. ಅಂತಹ ಆಲೋಚನೆಗೆ ಇಂದು ಒದಗಿರುವ ವಿಷಯಗಳಲ್ಲಿ ಪ್ರೌಢಶಾಲಾ ಹಂತದ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿನಿಮಯವೂ ಬೇಸಿಗೆ ಶಿಬಿರಗಳೂ ಸೇರಿವೆ. ಬೆಂಗಳೂರಿನ ಅನುಕೂಲವಂತ ಶಾಲೆಗಳು ರಜೆಯ ದಿನಗಳಲ್ಲಿ ಮಕ್ಕಳನ್ನು ಹೊರದೇಶಗಳಿಗೆ ಕರೆದೊಯ್ಯುವುದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಆ ಗಾಳಿ ಮೈಸೂರು ರಸ್ತೆ, ಕನಕಪುರ ರಸ್ತೆ, ಮಾಗಡಿ ರಸ್ತೆಗಳ ಗುಂಟ ಹಳ್ಳಿಗಾಡಿನ ಕಡೆಗೂ ಬೀಸತೊಡಗಿದೆ. ಬೇರೆಯವರು ಕಳುಹಿಸುವಾಗ ಮಠದ ಶಾಲೆಗಳು ಮಾತ್ರ ಏಕೆ ಹಿಂದುಳಿಯಬೇಕು ಎಂಬ ಪ್ರಶ್ನೆ ಪೋಷಕರಲ್ಲಿ ಹುಟ್ಟುವುದು ಸಹಜ.

ಪ್ರಶ್ನೆ ನ್ಯಾಯವಾದುದೇ. ಆದರೆ ಅದಕ್ಕೆ ಕೊಡುವ ಉತ್ತರ ಅವಸರದ್ದಾಗಬಾರದು. ವಿನಿಮಯವೆಂಬ ಪದಕ್ಕೆ ಕೊಟ್ಟು ಕೊಳ್ಳುವುದೆಂದು ಅರ್ಥ. ಒಂದು ಕಡೆಯವರು ಹಣ ತೆತ್ತು ಹೋಗಿ ನೋಡಿ ಬರುವುದು ಪ್ರವಾಸವಾದೀತು, ವಿನಿಮಯವಾಗಲಾರದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮಠಾಶ್ರಿತ ಶಾಲೆಗಳು ಈ ಕಾರ್ಯಕ್ಕೆ ಕೈಹಾಕುವುದಾದರೆ ಮೊದಲು ಬರಮಾಡಿಕೊಳ್ಳುವುದನ್ನು ಕಲಿಯಬೇಕು, ಅನಂತರ ಕಳುಹಿಸುವುದನ್ನು ಯೋಚಿಸಬೇಕು. ಈ ಕ್ರಮ ತಿರುಗುಮುರುಗಾದರೆ ದಾನಿಗಳ ಹಣವೂ ಅಧ್ಯಾಪಕರ ಶ್ರಮವೂ ಕೆಲವೇ ಮಂದಿಯ ಪಾಲಾಗುವುದರಲ್ಲಿ ಸಂದೇಹವಿಲ್ಲ.

ದೂರದವರನ್ನು ಬರಮಾಡಿಕೊಂಡು ಅವರೊಡನೆ ಕಲಿಯುವುದು ಶರಣ ಪರಂಪರೆಗೆ ಅಪರಿಚಿತವಾದುದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಾಶ್ಮೀರದಿಂದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಮಾರುವ ಕಾಯಕ ಕೈಗೊಂಡ ಮೋಳಿಗೆಯ ಮಾರಯ್ಯನನ್ನೂ, ಸೌರಾಷ್ಟ್ರದಿಂದ ಬಂದ ಆದಯ್ಯನನ್ನೂ, ಆಫ್ಘಾನಿಸ್ತಾನದ ಕಡೆಯಿಂದ ಬಂದನೆಂಬ ಮರುಳಶಂಕರದೇವನನ್ನೂ ಶರಣಚರಿತೆಗಳು ನೆನೆಯುತ್ತವೆ. ಹಾಗೆ ಬಂದವರು ಇಲ್ಲಿನ ಭಾಷೆಯನ್ನು ಕಲಿತರು, ಇಲ್ಲಿನ ಕಾಯಕವನ್ನು ಹಿಡಿದರು, ಅನುಭವ ಗೋಷ್ಠಿಯಲ್ಲಿ ಸರಿಸಮಾನರಾಗಿ ಕುಳಿತರು. ಮಾರಯ್ಯನೂ ಆದಯ್ಯನೂ ಕನ್ನಡದಲ್ಲಿಯೇ ವಚನಗಳನ್ನು ರಚಿಸಿದರು. ಕಲ್ಯಾಣವು ತನ್ನ ಮಕ್ಕಳನ್ನು ಹೊರನಾಡಿಗೆ ಕಳುಹಿಸಿ ಹೆಸರು ಪಡೆಯಲಿಲ್ಲ. ಹೊರನಾಡಿನವರು ಬಂದು ಕಲಿಯುವಂತಹ ತಿರುಳು ಅಲ್ಲಿತ್ತು, ಬಂದವರಿಗೆ ಪ್ರಸಾದವೂ ಪೀಠವೂ ಅಲ್ಲಿದ್ದವು.

ಇಷ್ಟು ಹಿಂದಕ್ಕೆ ಹೋಗದೆ ಈ ಸೀಮೆಯ ಬದುಕನ್ನು ನೋಡಿದರೂ ಇದೇ ಪಾಠ ದೊರೆಯುತ್ತದೆ. ಟೀಪೂ ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕಸುಬು ಹಲವು ದೇಶಗಳ ವಿದ್ಯೆಯನ್ನು ಉಂಡು ಬೆಳೆದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರವು ಇಟಲಿಯ ತಜ್ಞರೊಬ್ಬರನ್ನು ಕರೆಸಿಕೊಂಡಿತು. ಆ ಕಾಲದಲ್ಲಿಯೇ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರ ತಲೆಯೆತ್ತಿತು. ಅನಂತರ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ಜಪಾನಿನ ಸಹಕಾರ ಸಂಸ್ಥೆಯೂ ಭಾರತದ ಕೇಂದ್ರ ರೇಷ್ಮೆ ಮಂಡಳಿಯೂ ಕೂಡಿ ದ್ವಿತಳಿ ರೇಷ್ಮೆಯ ಯೋಜನೆಯನ್ನು ನಡೆಸಿದವು. ಅಲ್ಲಿನ ತಜ್ಞರು ಇಲ್ಲಿಗೆ ಬಂದರು, ಇಲ್ಲಿನ ವಿಜ್ಞಾನಿಗಳು ಅಲ್ಲಿಗೆ ಹೋಗಿ ಕಲಿತು ಬಂದರು. ಇಂದು ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಬಿಳಿಯ ದ್ವಿತಳಿ ಗೂಡಿನ ಹಿಂದೆ ಆ ಕೊಡುಕೊಳ್ಳುವಿಕೆಯ ಇತಿಹಾಸವಿದೆ.

ರೈತರು ಹೆಚ್ಚಾಗಿ ಬೆಳೆಯುತ್ತ ಬಂದಿರುವ ಮಿಶ್ರತಳಿಯ ಕಥೆ ಇನ್ನೂ ಅರ್ಥಪೂರ್ಣವಾದುದು. ಅದರ ತಾಯಿ ಇಲ್ಲಿನ ಶುದ್ಧ ಮೈಸೂರು ತಳಿ, ತಂದೆ ದ್ವಿತಳಿ. ಇಲ್ಲಿನ ಸೆಕೆಯನ್ನೂ ರೋಗವನ್ನೂ ತಾಳುವ ಕಸುವು ತಾಯಿಯದು; ನೂಲಿನ ಉದ್ದವೂ ಹೊಳಪೂ ತಂದೆಯದು. ದೇಶೀ ತಳಿಯನ್ನು ಕೈಬಿಟ್ಟು ಹೊರಗಿನದನ್ನೇ ನೆಚ್ಚಿದ್ದರೆ ಬಡ ರೈತನ ಮನೆಯಲ್ಲಿ ಹುಳು ಉಳಿಯುತ್ತಿರಲಿಲ್ಲ. ಹೊರಗಿನದನ್ನು ಮುಟ್ಟೆನೆಂದು ಹಟ ಹಿಡಿದಿದ್ದರೆ ನೂಲಿಗೆ ಬೆಲೆ ಬರುತ್ತಿರಲಿಲ್ಲ. ಶಿಕ್ಷಣದಲ್ಲಿಯೂ ಇದೇ ವಿವೇಕ ಬೇಕಾಗಿದೆ.

ಚನ್ನಪಟ್ಟಣದ ಬೊಂಬೆಯ ಕಸುಬಿನದೂ ಇದೇ ಬಗೆ. ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ಇಲ್ಲಿನ ಕುಶಲಕರ್ಮಿಗಳಿಗೆ ಪರಿಚಯಿಸಿದವರೆಂದು ಬಾವಾಸ್ ಮಿಯಾನ್ ಅವರನ್ನು ಆ ಊರು ಇಂದಿಗೂ ಗೌರವದಿಂದ ನೆನೆಯುತ್ತದೆ. ಹೊರಗಿನಿಂದ ಬಂದ ವಿಧಾನ ಇಲ್ಲಿನ ಆಲೆ ಮರದೊಡನೆ, ಇಲ್ಲಿನ ಕೈಗಳೊಡನೆ ಬೆರೆತು ಚನ್ನಪಟ್ಟಣದ್ದೇ ಆಯಿತು. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮಾ ಅವರು ದೆಹಲಿಗೆ ಬಂದಾಗ ಈ ಬೊಂಬೆಗಳನ್ನು ಕೊಂಡೊಯ್ದರೆಂಬ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು.

ಪ್ರೌಢಶಾಲೆಯ ಮಕ್ಕಳ ವಿನಿಮಯವೆಂಬುದು ಜಗತ್ತಿನಲ್ಲಿ ಹುಟ್ಟಿದ್ದೂ ಉನ್ನತವಾದ ಉದ್ದೇಶದಿಂದಲೇ. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸಿದ ಅಮೆರಿಕದ ಸ್ವಯಂಸೇವಕರು, ದೇಶದೇಶಗಳ ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದರೆ ಮತ್ತೊಮ್ಮೆ ಅಂತಹ ಯುದ್ಧ ನಡೆಯದೆಂಬ ನಂಬಿಕೆಯಿಂದ 1947ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ವಿನಿಮಯವನ್ನು ಆರಂಭಿಸಿದರು. ಜಪಾನು 2014ರಲ್ಲಿ ಆರಂಭಿಸಿದ ‘ಸಕುರಾ’ ವಿಜ್ಞಾನ ಯೋಜನೆಗೆ 2016ರಲ್ಲಿ ಭಾರತವೂ ಸೇರಿ, ಸರ್ಕಾರಿ ಶಾಲೆಗಳ ಮಕ್ಕಳು ಅಲ್ಲಿನ ಪ್ರಯೋಗಾಲಯಗಳನ್ನು ನೋಡಿ ಬರುವಂತಾಗಿದೆ. ಅದರ ವೆಚ್ಚವನ್ನು ಆಹ್ವಾನಿಸುವ ದೇಶವೇ ಭರಿಸುತ್ತದೆ. ಭಾರತದೊಳಗೆ ನವೋದಯ ವಿದ್ಯಾಲಯಗಳು ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಶೇಕಡಾ 30ರಷ್ಟು ಮಂದಿಯನ್ನು ಹಿಂದೀ ಪ್ರದೇಶಕ್ಕೂ ಹಿಂದಿಯೇತರ ಪ್ರದೇಶಕ್ಕೂ ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡುವ ಕ್ರಮವನ್ನು ಇಟ್ಟುಕೊಂಡಿವೆ. ಹೋದಷ್ಟೇ ಮಂದಿ ಬರಬೇಕೆಂಬ ತತ್ತ್ವ ಈ ಕ್ರಮದಲ್ಲಿದೆ. ಅದು ಗಮನಿಸತಕ್ಕ ಅಂಶ.

ಇದಕ್ಕೆ ವ್ಯತಿರಿಕ್ತವಾಗಿ ಇಂದು ಮಾರುಕಟ್ಟೆಯಲ್ಲಿ ದೊರೆಯುವ ಬೇಸಿಗೆಯ ವಿದೇಶ ಕಾರ್ಯಕ್ರಮಗಳನ್ನು ನೋಡಬೇಕು. ಹತ್ತು ದಿನಗಳಲ್ಲಿ ಮೂರು ನಗರ, ಒಂದು ವಿಶ್ವವಿದ್ಯಾಲಯದ ಅಂಗಳ, ಒಂದು ವಿನೋದ ಉದ್ಯಾನ, ಕೊನೆಗೊಂದು ಪ್ರಮಾಣಪತ್ರ. ಹಣವುಳ್ಳ ತಂದೆತಾಯಿಗಳು ತಮ್ಮ ಮಕ್ಕಳನ್ನು ಇಂತಹವುಗಳಿಗೆ ಕಳುಹಿಸುವುದು ಅವರ ಸ್ವಂತ ವಿಚಾರ. ಆದರೆ ಅದಕ್ಕೆ ಶಾಲೆಯ ಹೆಸರು ಸೇರಿದಾಗ ತರಗತಿಯೊಳಗೆ ಒಂದು ಗೆರೆ ಬೀಳುತ್ತದೆ. ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಮಕ್ಕಳ ನಡುವೆ ಹೋದವರು, ಹೋಗಲಾರದವರು ಎಂಬ ಎರಡು ಪಂಕ್ತಿಗಳು ಏಳುತ್ತವೆ. ಪಂಕ್ತಿಭೇದವನ್ನು ಅಳಿಸುವುದಕ್ಕೆಂದೇ ನಿಂತ ಪರಂಪರೆಯ ಶಾಲೆಯಲ್ಲಿ ಹಣದ ಪಂಕ್ತಿಭೇದಕ್ಕೆ ಎಡೆಗೊಡುವುದು ಎಷ್ಟರಮಟ್ಟಿಗೆ ಸರಿ?

ಹಾಗಾದರೆ ದಾನಿಗಳ ಹಣದಿಂದ ಬಡ ಮಕ್ಕಳನ್ನೇ ಕಳುಹಿಸಬಹುದಲ್ಲವೇ ಎಂದು ಕೇಳಬಹುದು. ಇಲ್ಲಿ ಲೆಕ್ಕ ಅಡ್ಡ ಬರುತ್ತದೆ. ಒಬ್ಬ ವಿದ್ಯಾರ್ಥಿಯನ್ನು ವಿಮಾನದಲ್ಲಿ ಕಳುಹಿಸಿ ಕೆಲವು ವಾರ ಅಲ್ಲಿರಿಸುವ ಹಣದಲ್ಲಿ ಹಲವಾರು ಮಕ್ಕಳ ವರ್ಷದ ಊಟ ವಸತಿಗಳು ನಡೆಯುತ್ತವೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, ನಾಗವಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಓದಿ, ಸಿದ್ಧಗಂಗೆಯ ಪೀಠವನ್ನೇರಿದ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ನಡೆಸಿಕೊಟ್ಟರು. ಅಂತಹವರು ಹುಟ್ಟಿದ ಸೀಮೆಯಲ್ಲಿ ದಾಸೋಹದ ನಿಧಿಯಿಂದ ಒಂದು ಕಾಸನ್ನಾದರೂ ವಿಮಾನದ ಟಿಕೇಟಿಗೆ ತಿರುಗಿಸುವ ಧೈರ್ಯ ಯಾವ ಆಡಳಿತ ಮಂಡಳಿಗೂ ಬರಬಾರದು.

ಬರಮಾಡಿಕೊಳ್ಳುವ ವಿನಿಮಯದಲ್ಲಿ ಈ ಲೆಕ್ಕ ಬದಲಾಗುತ್ತದೆ. ಇಬ್ಬರನ್ನು ಕಳುಹಿಸಿದರೆ ಇಬ್ಬರು ಕಲಿಯುತ್ತಾರೆ. ಹೊರದೇಶದ ಎಂಟು ಹತ್ತು ಮಕ್ಕಳು ಒಬ್ಬಿಬ್ಬರು ಅಧ್ಯಾಪಕರೊಡನೆ ಬಂದು ಒಂದು ತಿಂಗಳು ಶಾಲೆಯಲ್ಲಿದ್ದರೆ ಇಡೀ ಶಾಲೆ ಕಲಿಯುತ್ತದೆ. ಅವರ ಪ್ರಯಾಣದ ಖರ್ಚು ಅವರದು. ವಿದ್ಯಾರ್ಥಿನಿಲಯದ ಕೊಠಡಿ, ಅಡುಗೆಮನೆ, ಸ್ವಚ್ಛವಾದ ನೀರು ಶೌಚಗಳ ವ್ಯವಸ್ಥೆ ಮಾತ್ರ ಶಾಲೆಯದು. ಅವುಗಳಿಗಾಗಿ ಮಾಡಿದ ವೆಚ್ಚ ಅತಿಥಿಗಳು ಹೋದಮೇಲೂ ಇಲ್ಲಿನ ಮಕ್ಕಳಿಗೇ ಉಳಿಯುತ್ತದೆ. ಮೇಲಾಗಿ, ತಾನು ಕಲಿಸಬಲ್ಲೆನೆಂಬ ಅರಿವು ಹಳ್ಳಿಯ ವಿದ್ಯಾರ್ಥಿಯಲ್ಲಿ ಮೂಡುವುದು ಅತಿಥಿಗೆ ತನ್ನ ಊರನ್ನು ತೋರಿಸುವಾಗಲೇ ಹೊರತು ಪರದೇಶದ ಬೀದಿಯಲ್ಲಿ ಬೆರಗಾಗಿ ನಿಂತಾಗಲ್ಲ.

ಕಾಲಮಾನವೂ ಇದಕ್ಕೆ ಅನುಕೂಲವಾಗಿಯೇ ಇದೆ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದ ವೇಳೆಗೆ ಬೇಸಿಗೆ ರಜೆ ಬಂದು ಮೇ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಜಪಾನಿನಲ್ಲಿ ಜುಲೈ ಉತ್ತರಾರ್ಧದಿಂದ ಆಗಸ್ಟ್ ಕೊನೆಯವರೆಗೆ ಬೇಸಿಗೆ ರಜೆ. ಯುರೋಪಿನ ಬಹುತೇಕ ದೇಶಗಳಲ್ಲಿಯೂ ಜುಲೈ, ಆಗಸ್ಟ್ ತಿಂಗಳುಗಳೇ ರಜೆಯ ದಿನಗಳು. ರಜೆಗಳು ಹೊಂದುವುದಿಲ್ಲವೆಂದು ಇದನ್ನು ತೊಡಕಾಗಿ ಎಣಿಸುವವರುಂಟು. ನಿಜದಲ್ಲಿ ಇದು ಅನುಕೂಲವೇ. ಅವರಿಗೆ ರಜೆಯಿದ್ದಾಗ ಇಲ್ಲಿ ತರಗತಿಗಳು ನಡೆಯುತ್ತಿರುತ್ತವೆ. ಬಂದವರು ಬೆಂಚಿನ ಮೇಲೆ ಜೊತೆಯಲ್ಲಿ ಕುಳಿತು ಪಾಠ ಕೇಳಬಹುದು. ಇಲ್ಲಿ ರಜೆಯಿದ್ದಾಗ ಅಲ್ಲಿ ತರಗತಿಗಳು ನಡೆಯುತ್ತಿರುತ್ತವೆ. ಮುಂದೆ ಇಲ್ಲಿಂದ ಹೋಗುವ ಮಕ್ಕಳೂ ಖಾಲಿ ಕಟ್ಟಡಗಳನ್ನು ನೋಡಿ ಹಿಂದಿರುಗಬೇಕಾಗಿಲ್ಲ.

ಬಂದವರಿಗೆ ತೋರಿಸಲು ಇಲ್ಲಿ ಏನಿದೆ ಎಂದು ಕೇಳುವವರು ಈ ಸೀಮೆಯನ್ನು ಕಣ್ಣು ತೆರೆದು ನೋಡಿಲ್ಲ. ರೇಷ್ಮೆಯ ಒಂದು ಬೆಳೆಗೆ ಹಿಡಿಯುವ ಕಾಲ ಸುಮಾರು ಒಂದು ತಿಂಗಳು. ಚಾಕಿ ಹುಳುವಿಗೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚಿ ಹಾಕುವುದರಿಂದ ಮೊದಲುಗೊಂಡು, ನಾಲ್ಕು ಜ್ವರಗಳನ್ನು ಕಳೆದು ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟು, ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಯ ಹರಾಜಿಗೆ ಒಯ್ಯುವವರೆಗೆ ಇಡೀ ಜೀವಶಾಸ್ತ್ರ ಹಾಗೂ ಅರ್ಥಶಾಸ್ತ್ರದ ಪಾಠ ಆ ಒಂದು ತಿಂಗಳಲ್ಲಿ ಅಡಗಿದೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಬಣ್ಣವಾಗಿ ಹಿಡಿಯುವುದು, ತಾಳೆಗರಿಯಿಂದ ತೀಡಿದಾಗ ಅದಕ್ಕೆ ಹೊಳಪು ಬರುವುದು ಭೌತಶಾಸ್ತ್ರದ ಪಾಠವೇ ಸರಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಬಳಿಯಲ್ಲಿಯೇ ಇದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯು ಎಸ್.ಎಸ್.ಎಲ್.ಸಿ. ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷಗಳ ವಸತಿ ಸಹಿತ ತರಬೇತಿಯನ್ನು ನೀಡುತ್ತದೆ. ಅಲ್ಲಿ ಕಲಿತವರು ವಿಶ್ವ ಕೌಶಲ ಸ್ಪರ್ಧೆಗಳಲ್ಲಿ ಭಾರತದ ಪರವಾಗಿ ಭಾಗವಹಿಸಿದ್ದಾರೆ. ಮಾಗಡಿಯ ಸಾವನದುರ್ಗವೂ ರಾಮದೇವರ ಬೆಟ್ಟದ ರಣಹದ್ದುಗಳೂ ಭೂಗೋಳ ಮತ್ತು ಪ್ರಾಣಿಶಾಸ್ತ್ರಗಳ ಅಧ್ಯಾಪಕರಿಗೆ ತೆರೆದ ಪುಸ್ತಕಗಳು.

ಇಲ್ಲಿಯೇ ಒಂದು ಕಹಿಯಾದ ಮಾತನ್ನೂ ಹೇಳಬೇಕಾಗಿದೆ. ಈ ಸೀಮೆಯ ಎಷ್ಟು ಮಂದಿ ವಿದ್ಯಾರ್ಥಿಗಳು ಗೂಡಿನ ಮಾರುಕಟ್ಟೆಯ ಹರಾಜನ್ನು ನೋಡಿದ್ದಾರೆ? ಚನ್ನಪಟ್ಟಣದ ಬೊಂಬೆ ಯಾವ ಮರದ್ದೆಂದು ಎಷ್ಟು ಮಂದಿಗೆ ಗೊತ್ತು? ಮನೆಯಲ್ಲಿ ಹುಳು ಸಾಕುವ ಹುಡುಗನೂ ಶಾಲೆಯಲ್ಲಿ ಅದನ್ನು ಹೇಳಿಕೊಳ್ಳಲು ನಾಚುತ್ತಾನೆ. ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಎಣಿಸದ ಪರಂಪರೆಯ ಶಾಲೆಗಳಲ್ಲಿ ತಂದೆತಾಯಿಗಳ ಕಾಯಕ ಮಕ್ಕಳ ನಾಚಿಕೆಗೆ ಕಾರಣವಾಗಿರುವುದು ಅಧ್ಯಾಪಕರೂ ಆಡಳಿತ ಮಂಡಳಿಗಳೂ ಯೋಚಿಸಬೇಕಾದ ಸಂಗತಿ. ಅತಿಥಿಗಳು ಬರುತ್ತಾರೆಂದರೆ ಮನೆಯನ್ನು ಗುಡಿಸಿ ಸಾರಿಸುವಂತೆ, ವಿನಿಮಯದ ನೆಪದಲ್ಲಿಯಾದರೂ ಮಕ್ಕಳು ತಮ್ಮ ಊರನ್ನು ಮೊದಲು ಅರಿಯುವಂತಾಗುತ್ತದೆ. ಏಪ್ರಿಲ್ ಮೇ ತಿಂಗಳುಗಳ ಬೇಸಿಗೆ ಶಿಬಿರಗಳನ್ನು ಇದಕ್ಕಾಗಿಯೇ ಮೀಸಲಿಡಬಹುದು: ಎರಡು ಮೂರು ವಾರ ಮಕ್ಕಳು ರೇಷ್ಮೆ ಮನೆಗಳಲ್ಲಿ, ಬೊಂಬೆಯ ಕಾರ್ಖಾನೆಗಳಲ್ಲಿ, ಜಾನಪದ ಲೋಕದಲ್ಲಿ ಕಲಿತು, ಕಲಿತದ್ದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಡಬೇಕು. ಜುಲೈನಲ್ಲಿ ಬರುವ ಅತಿಥಿಗಳಿಗೆ ಅವರೇ ಮಾರ್ಗದರ್ಶಕರು. ಅತಿಥಿಗಳು ಒಂದು ವೇಳೆ ಬಾರದೆ ಹೋದರೂ ಈ ಶಿಬಿರದ ಫಲ ವ್ಯರ್ಥವಾಗದು.

ಇಂಗ್ಲಿಷಿನ ಅಂಜಿಕೆ ಮತ್ತೊಂದು ಆಕ್ಷೇಪ. ಜಪಾನಿನ, ಜರ್ಮನಿಯ, ಫ್ರಾನ್ಸಿನ ಮಕ್ಕಳಿಗೂ ಇಂಗ್ಲಿಷು ಕಲಿತ ಭಾಷೆಯೇ ಎಂಬುದನ್ನು ಇಲ್ಲಿ ಮರೆಯಲಾಗುತ್ತದೆ. ಇಬ್ಬರೂ ತಡವರಿಸುತ್ತ ಮಾತನಾಡುವಲ್ಲಿ ಒಬ್ಬರಿಗೊಬ್ಬರು ಕೀಳೆನಿಸುವುದಿಲ್ಲ. ಒಂದು ತಿಂಗಳಲ್ಲಿ ನಾಲ್ಕು ಮಾತು ಕನ್ನಡವನ್ನು ಅತಿಥಿಗೆ ಕಲಿಸಿದ ಹುಡುಗಿಗೆ ತನ್ನ ಭಾಷೆಯ ಮೇಲೆ ಹುಟ್ಟುವ ಅಭಿಮಾನ ಭಾಷಣಗಳಿಂದ ಹುಟ್ಟುವಂತಹುದಲ್ಲ.

ಇಷ್ಟರಿಂದ ಕಳುಹಿಸುವುದೇ ಬೇಡವೆಂದು ಹೇಳಿದಂತಾಗಲಿಲ್ಲ. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಕಾಲವಾಗುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. ಅವರ ನಿಧಿ ತಲೆಮಾರುಗಳನ್ನು ಓದಿಸಿದೆ. ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಪದವಿ ಪಡೆದ ಡಿ.ಸಿ. ಪಾವಟೆಯವರು ಹಿಂದಿರುಗಿ ಬಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕುಲಪತಿಗಳಾಗಿ 1954ರಿಂದ 1967ರವರೆಗೆ ಕಟ್ಟಿ ಬೆಳೆಸಿದರು. ಹೋದವರು ಹಿಂದಿರುಗಿ ನಾಡಿಗೆ ಸಲ್ಲಬೇಕೆಂಬುದಕ್ಕೆ ಇಂತಹ ಹಿರಿಯರ ಬಾಳೇ ಮೇಲ್ಪಂಕ್ತಿ. ಆಚಾರದ ದೃಷ್ಟಿಯಿಂದ ಹಿಂಜರಿಯುವ ಪೋಷಕರಿಗೆ ಹೇಳಬೇಕಾದುದು ಇಷ್ಟೇ: ಇಷ್ಟಲಿಂಗವನ್ನು ಮೈಮೇಲೆ ಧರಿಸಿದ ಮಗುವಿಗೆ ದೇವರು ಊರಿನಲ್ಲಿಯೇ ಉಳಿಯುವುದಿಲ್ಲ. ದೂರದ ಹಾದಿಗೆ ಇಷ್ಟು ಹೊಂದುವ ಆರಾಧನೆ ಮತ್ತೊಂದಿರಲಾರದು. ಸಸ್ಯಾಹಾರವನ್ನು ಮೊದಲೇ ತಿಳಿಸಿ ಏರ್ಪಾಡು ಮಾಡಿಸುವುದು ಇಂದು ಕಷ್ಟವಾದ ಕೆಲಸವೂ ಅಲ್ಲ.

ಆದುದರಿಂದ ಕಳುಹಿಸುವ ಕಾಲ ಬಂದಾಗ ಕೆಲವು ನಿಯಮಗಳನ್ನು ಬಿಗಿಯಾಗಿ ಪಾಲಿಸುವುದು ಒಳ್ಳೆಯದು. ಮೊದಲನೆಯದಾಗಿ, ವೆಚ್ಚವನ್ನು ಆಹ್ವಾನಿಸುವವರು ಭರಿಸುವ ಅಥವಾ ಸರಿಸಮವಾದ ಅದಲುಬದಲಿನ ಕಾರ್ಯಕ್ರಮಗಳಿಗೆ ಮಾತ್ರ ಶಾಲೆಯ ಹೆಸರು ಸಲ್ಲಬೇಕು. ಎರಡನೆಯದಾಗಿ, ಕೊರತೆ ಬೀಳುವ ಹಣಕ್ಕೆ ದಾಸೋಹನಿಧಿಯಿಂದ ಪ್ರತ್ಯೇಕವಾದ ವಿನಿಮಯನಿಧಿಯೊಂದನ್ನು ಹಿರಿಯ ವಿದ್ಯಾರ್ಥಿಗಳು, ವಿಶೇಷವಾಗಿ ಹೊರದೇಶಗಳಲ್ಲಿ ನೆಲೆಸಿದವರು, ಸ್ಥಾಪಿಸಬೇಕು. ಅದರ ಆಯವ್ಯಯ ವರ್ಷಕ್ಕೊಮ್ಮೆ ಅಚ್ಚಾಗಿ ಎಲ್ಲರ ಕೈಸೇರಬೇಕು. ಮೂರನೆಯದಾಗಿ, ಆಯ್ಕೆ ಬಹಿರಂಗವಾಗಿರಬೇಕು. ತಂದೆಯ ಸ್ಥಾನಮಾನವಾಗಲಿ ದಾನದ ಮೊತ್ತವಾಗಲಿ ಅಲ್ಲಿ ಸುಳಿಯಬಾರದು. ಅತಿಥಿಗಳ ಸತ್ಕಾರದಲ್ಲಿ ದುಡಿದ ಮಕ್ಕಳಿಗೆ ಆದ್ಯತೆಯಿರಬೇಕು. ಹೆಣ್ಣುಮಕ್ಕಳು ಅರ್ಧಕ್ಕೆ ಕಡಿಮೆಯಿರಬಾರದು. ನಾಲ್ಕನೆಯದಾಗಿ, ಹತ್ತನೆಯ ತರಗತಿಯ ಪರೀಕ್ಷೆಯ ಭಾರವಿರುವವರನ್ನು ಬಿಟ್ಟು ಎಂಟು ಒಂಬತ್ತನೆಯ ತರಗತಿ ಮುಗಿಸಿದವರನ್ನು ಆರಿಸಬೇಕು. ಒಬ್ಬ ಅಧ್ಯಾಪಕರಾಗಲಿ ಅಧ್ಯಾಪಕಿಯಾಗಲಿ ಜೊತೆಗಿರಬೇಕು, ಏಕೆಂದರೆ ವಿದ್ಯಾರ್ಥಿ ಎರಡು ವರ್ಷಗಳಲ್ಲಿ ಶಾಲೆ ಬಿಟ್ಟು ಹೋಗುತ್ತಾನೆ, ಅಧ್ಯಾಪಕರು ಕಂಡದ್ದು ಶಾಲೆಯಲ್ಲಿಯೇ ಉಳಿಯುತ್ತದೆ. ಕೊನೆಯದಾಗಿ, ಹಿಂದಿರುಗಿದವರು ಕಂಡದ್ದನ್ನು ಕನ್ನಡದಲ್ಲಿ ಬರೆದು ಶಾಲೆಗೆ ಒಪ್ಪಿಸಬೇಕು, ಒಂದು ವರ್ಷ ಕಿರಿಯರಿಗೆ ಹೇಳಿಕೊಡಬೇಕು.

ಕಾನೂನಿನ ಕಟ್ಟಳೆಗಳನ್ನೂ ಲಘುವಾಗಿ ಎಣಿಸಬಾರದು. ವಿದೇಶೀಯರು ತಂಗಿದ 24 ಗಂಟೆಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಗಳಿಗೆ ತಿಳಿಸುವುದು ಆತಿಥ್ಯ ನೀಡುವವರ ಹೊಣೆ. ಹೊರದೇಶದ ಶಾಲೆಯಿಂದಾಗಲಿ ಸಂಘದಿಂದಾಗಲಿ ದೇಣಿಗೆ ಪಡೆಯಬೇಕಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಅನುಮತಿಯಿರಬೇಕು. ಮಕ್ಕಳ ಸುರಕ್ಷತೆಗೆ, ಬಂದವರದಾಗಲಿ ಹೋದವರದಾಗಲಿ, ಹೆಸರಿಟ್ಟು ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು. ಈ ಸಿದ್ಧತೆಯಿಲ್ಲದ ಉತ್ಸಾಹ ಒಂದೇ ವರ್ಷದಲ್ಲಿ ಆರಿಹೋಗುತ್ತದೆ.

ಇದೆಲ್ಲವನ್ನೂ ಒಂದು ಶಾಲೆ ಒಬ್ಬಂಟಿಯಾಗಿ ಮಾಡಬೇಕಾಗಿಲ್ಲ. ನಾಲ್ಕು ಊರುಗಳ ನಾಲ್ಕು ಶಾಲೆಗಳು ಕೂಡಿಕೊಂಡರೆ ಅತಿಥಿಗಳು ವಾರಕ್ಕೊಂದು ಕಡೆಯಂತೆ ಚನ್ನಪಟ್ಟಣದಲ್ಲಿ ಬೊಂಬೆಯನ್ನೂ, ರಾಮನಗರದಲ್ಲಿ ಗೂಡಿನ ಮಾರುಕಟ್ಟೆಯನ್ನೂ, ಕನಕಪುರದಲ್ಲಿ ರೇಷ್ಮೆಯ ಹಳ್ಳಿಯನ್ನೂ, ಮಾಗಡಿಯಲ್ಲಿ ಕೆಂಪೇಗೌಡರ ಕೋಟೆಯನ್ನೂ ಕಾಣಬಹುದು. ಖರ್ಚೂ ಹೊಣೆಯೂ ಹಂಚಿಹೋಗುತ್ತವೆ. ಆ ಶಾಲೆಗಳ ಪೈಕಿ ಒಂದು ಸರ್ಕಾರಿ ಪ್ರೌಢಶಾಲೆಯೂ ಇದ್ದರೆ ಕಾರ್ಯಕ್ಕೆ ಇನ್ನಷ್ಟು ಶೋಭೆ. ಅಧ್ಯಾಪಕರು ಮುಂದಿನ ಬೇಸಿಗೆ ಶಿಬಿರದ ಪಾಠಪಟ್ಟಿಯನ್ನು ಸಿದ್ಧಪಡಿಸಲಿ. ಹೊರದೇಶಗಳಲ್ಲಿರುವ ಹಿರಿಯ ವಿದ್ಯಾರ್ಥಿಗಳು ತಾವಿರುವ ಊರಿನ ಒಂದು ಶಾಲೆಯೊಡನೆ ಮಾತುಕತೆ ಆರಂಭಿಸಲಿ. ದಾನಿಗಳು ವಿಮಾನದ ಟಿಕೇಟಿಗಿಂತ ಮೊದಲು ವಿದ್ಯಾರ್ಥಿನಿಲಯದ ಎರಡು ಕೊಠಡಿಗಳ ದುರಸ್ತಿಗೆ ನೆರವಾಗಲಿ. ಹಲವು ದಶಕಗಳಿಂದ ಹಸಿದು ಬಂದವರಿಗೆ ಬಾಗಿಲು ತೆರೆದ ಮಠಗಳಿಗೆ, ಕಲಿಯಲು ಬಂದವರಿಗೆ ಬಾಗಿಲು ತೆರೆಯುವುದು ಹೊಸ ವಿದ್ಯೆಯೇನೂ ಆಗಲಾರದು.